ಮೂತ್ರಪಿಂಡದ ಬೇನೆ ಮತ್ತು ಬಸಿರು: ದಂಪತಿಗಳೊಡನೆ ಒಂದು ಮಾತು



ಮನೆಯಲ್ಲಿ ತೊಟ್ಟಿಲು ಕಟ್ಟಬೇಕೆಂಬುದು ವಿವಾಹಿತರೆಲ್ಲರ ಸಹಜವಾದ ಬಯಕೆ. ಆ ಬಯಕೆ ಈಡೇರುವಾಗ ತಾಯಿಯ ಪ್ರಾಣಕ್ಕೂ ಆರೋಗ್ಯಕ್ಕೂ ಕುಂದು ಬಾರದಂತೆ ನೋಡಿಕೊಳ್ಳುವುದು ಕುಟುಂಬ ಕಲ್ಯಾಣದ ಮೊದಲನೆಯ ಗುರಿ. ಇಂದು ನಿಮ್ಮೊಡನೆ ಆಡಬೇಕೆಂದಿರುವ ಮಾತು ಮೂತ್ರಪಿಂಡದ ಬೇನೆಯುಳ್ಳ ಹೆಣ್ಣುಮಗಳ ಬಸಿರನ್ನು ಕುರಿತದ್ದು. ಈ ಬೇನೆ ಮೌನವಾಗಿ ಬೆಳೆಯುವಂಥದು. ಬಹುಪಾಲು ಮನೆಗಳಲ್ಲಿ ಇದು ತಿಳಿದುಬರುವುದು ಬಸಿರು ನಿಂತು ಐದಾರು ತಿಂಗಳು ಕಳೆದ ಮೇಲೆ, ಮುಖ ಊದಿಕೊಂಡು ಕಣ್ಣು ಮಂಜಾದ ಮೇಲೆ. ಆಗ ಮಾಡಬಹುದಾದುದು ಕಡಿಮೆ. ಆದುದರಿಂದ ಈ ಭಾಷಣದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ: ಬಸಿರಿಗೆ ಮೊದಲು ಕೇಳಿರಿ, ಬಸಿರಾದ ಮೇಲಲ್ಲ.

ಮೂತ್ರಪಿಂಡಗಳು ನಮ್ಮ ಬೆನ್ನಿನ ಹಿಂಭಾಗದಲ್ಲಿ, ಪಕ್ಕೆಲುಬುಗಳ ಕೆಳತುದಿಯ ಮಟ್ಟದಲ್ಲಿ, ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಇರುತ್ತವೆ. ಆಕಾರ ಹುರುಳಿಬೀಜದಂತೆ, ಗಾತ್ರ ಮುಷ್ಟಿಯಷ್ಟು. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮವಾದ ಜರಡಿಗಳಿವೆ. ರಕ್ತವು ಹಗಲಿರುಳೂ ಈ ಜರಡಿಗಳ ಮೂಲಕ ಹಾಯ್ದು ಶುದ್ಧವಾಗುತ್ತದೆ. ಕಶ್ಮಲವೂ ಹೆಚ್ಚಾದ ನೀರೂ ಉಪ್ಪೂ ಮೂತ್ರವಾಗಿ ಹೊರಹೋಗುತ್ತವೆ. ರಕ್ತದೊತ್ತಡವನ್ನು ಹದದಲ್ಲಿಡುವುದು, ರಕ್ತ ಹುಟ್ಟಲು ಬೇಕಾದ ಚೋದಕವನ್ನು ಒದಗಿಸುವುದು, ಮೂಳೆಗಳನ್ನು ಗಟ್ಟಿಯಾಗಿರಿಸಲು ನೆರವಾಗುವುದು, ಇವೂ ಮೂತ್ರಪಿಂಡದ ಕೆಲಸಗಳೇ. ಜರಡಿ ಹರಿದರೆ ಹಿಟ್ಟಿನೊಡನೆ ತೌಡೂ ಬೀಳುವಂತೆ, ಈ ಜರಡಿಗಳು ಕೆಟ್ಟಾಗ ದೇಹಕ್ಕೆ ಬೇಕಾದ ಸಸಾರಜನಕ ಮೂತ್ರದಲ್ಲಿ ಸೋರಿಹೋಗುತ್ತದೆ. ಹೋಗಬೇಕಾದ ಕಶ್ಮಲ ರಕ್ತದಲ್ಲಿಯೇ ಉಳಿಯುತ್ತದೆ. ಇಂತಹ ಕೆಡುಕು 3 ತಿಂಗಳಿಗೂ ಮೀರಿ ಇದ್ದರೆ ಅದನ್ನು ದೀರ್ಘಕಾಲದ ಮೂತ್ರಪಿಂಡದ ಬೇನೆ ಎಂದು ಕರೆಯುತ್ತಾರೆ.

ಬಸಿರು ಮೂತ್ರಪಿಂಡಗಳಿಗೆ ಹೆಚ್ಚಿನ ದುಡಿಮೆಯ ಕಾಲ. ತಾಯಿಯ ಮೈಯಲ್ಲಿ ರಕ್ತದ ಪ್ರಮಾಣ ಶೇಕಡ 40ರಿಂದ 50ರಷ್ಟು ಏರುತ್ತದೆ. ಆ ರಕ್ತವನ್ನೆಲ್ಲ ಶುದ್ಧಿಮಾಡಲು ಆರೋಗ್ಯವಾದ ಮೂತ್ರಪಿಂಡಗಳು ಮೊದಲಿಗಿಂತ ಸುಮಾರು ಒಂದೂವರೆ ಪಟ್ಟು ಕೆಲಸ ಮಾಡುತ್ತವೆ. ಗಟ್ಟಿಯಾದ ಜೋಡೆತ್ತು ಏರುದಾರಿಯಲ್ಲಿ ತುಂಬಿದ ಗಾಡಿಯನ್ನು ಎಳೆದೊಯ್ಯುತ್ತದೆ. ಕುಂಟುವ ಎತ್ತನ್ನು ಅದೇ ನೊಗಕ್ಕೆ ಹೂಡಿದರೆ ಗಾಡಿಗೂ ಎತ್ತಿಗೂ ಅಪಾಯ. ಮೂತ್ರಪಿಂಡ ಕೆಟ್ಟಿರುವ ತಾಯಿಯ ಸ್ಥಿತಿಯೂ ಹೀಗೆಯೇ. ಅಪಾಯ ಎರಡು ಕಡೆಗೂ ಇದೆ: ಬೇನೆಯಿಂದ ಬಸಿರಿಗೆ, ಬಸಿರಿನಿಂದ ಮೂತ್ರಪಿಂಡಕ್ಕೆ.

ಹಾಗಾದರೆ ಬೇನೆ ಇದೆಯೆಂದು ತಿಳಿಯುವುದು ಹೇಗೆ? ಇಲ್ಲಿಯೇ ತೊಡಕಿರುವುದು. ಮೂತ್ರಪಿಂಡದ ಅರ್ಧಕ್ಕಿಂತ ಹೆಚ್ಚು ಶಕ್ತಿ ಕುಂದಿದ ಮೇಲೂ ಹಲವರಿಗೆ ನೋವಾಗಲಿ ಜ್ವರವಾಗಲಿ ಕಾಣಿಸುವುದಿಲ್ಲ. ಮೂತ್ರವೂ ಎಂದಿನಂತೆಯೇ ಹೋಗುತ್ತಿರುತ್ತದೆ. ಆಯಾಸವಾದರೆ ಹೊಲದ ಕೆಲಸದ ದಣಿವೆನ್ನುತ್ತೇವೆ. ಕಾಲು ಊದಿದರೆ ಬಸುರಿಗೆ ಇದು ಸಹಜವೆಂದು ಹಿರಿಯರು ಸಮಾಧಾನ ಹೇಳುತ್ತಾರೆ. ತುಂಬು ಬಸಿರಿನಲ್ಲಿ ಸಂಜೆಯ ವೇಳೆಗೆ ಪಾದ ಕೊಂಚ ಊದುವುದು ಸಹಜವೂ ಹೌದು. ಆದರೆ ಬೆಳಿಗ್ಗೆ ಏಳುವಾಗಲೇ ಮುಖ, ರೆಪ್ಪೆ, ಕೈಬೆರಳುಗಳು ಊದಿದ್ದರೆ ಅದನ್ನು ಸಹಜವೆಂದು ಬಿಡಕೂಡದು. ಮೂತ್ರ ಪಾತ್ರೆ ತೊಳೆದ ನೊರೆಯಂತೆ ಬಹಳ ಹೊತ್ತು ನೊರೆಗಟ್ಟಿ ನಿಂತರೆ, ಕೆಂಪಾಗಿ ಅಥವಾ ಚಹಾದ ಬಣ್ಣವಾಗಿ ಹೋದರೆ, ಅದೂ ಎಚ್ಚರಿಕೆಯ ಗುರುತು.

ಗುರುತು ಕಾಣುವವರೆಗೆ ಕಾಯಬೇಕಾಗಿಲ್ಲ. ಮೂರು ಸರಳವಾದ ಪರೀಕ್ಷೆಗಳಿವೆ: ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುವುದು, ಮೂತ್ರದಲ್ಲಿ ಸಸಾರಜನಕ ನೋಡುವುದು, ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಶ್ಮಲದ ಪ್ರಮಾಣ ನೋಡುವುದು. ಮಗು ಬೇಕೆಂದಿರುವ ಹೆಣ್ಣುಮಗಳಲ್ಲಿ ಈ ಕೆಳಗಿನ ಯಾವುದೊಂದಿದ್ದರೂ ಬಸಿರಿಗೆ ಮೊದಲೇ ಈ ಪರೀಕ್ಷೆಗಳನ್ನು ಮಾಡಿಸತಕ್ಕದ್ದು: ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಬಾಲ್ಯದಲ್ಲಿ ಮೈ ಊದಿದ ಕಾಯಿಲೆ, ಮೇಲಿಂದ ಮೇಲೆ ಬರುವ ಉರಿಮೂತ್ರ, ಮೂತ್ರಕೋಶದ ಕಲ್ಲು, ಕೀಲುನೋವಿನೊಡನೆ ಮುಖದ ಮೇಲೆ ಕೆಂಪು ಗಂಧೆ ಏಳುವ ಲೂಪಸ್ ಎಂಬ ಬೇನೆ, ಹಿಂದಿನ ಬಸಿರಿನಲ್ಲಿ ರಕ್ತದೊತ್ತಡ ಏರಿದ್ದು ಅಥವಾ ಮಗು ಹೊಟ್ಟೆಯಲ್ಲೇ ತೀರಿಕೊಂಡದ್ದು, ತವರಿನ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಮೂತ್ರಪಿಂಡ ಕೆಟ್ಟದ್ದು. ಮೂತ್ರಪಿಂಡದಲ್ಲಿ ನೀರ್ಗುಳ್ಳೆಗಳು ತುಂಬುವ ಒಂದು ವಂಶಪಾರಂಪರ್ಯದ ಬೇನೆಯುಂಟು. ತಂದೆತಾಯಿಯರಲ್ಲಿ ಒಬ್ಬರಿಗೆ ಅದಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು.

ಪರೀಕ್ಷೆಯ ಫಲಿತಾಂಶದಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆರೋಗ್ಯವಂತ ಬಸುರಿಯ ರಕ್ತದಲ್ಲಿ ಕ್ರಿಯಾಟಿನಿನ್ ಇಳಿಯುತ್ತದೆ. ಸಾಮಾನ್ಯವಾಗಿ 100 ಮಿಲಿಲೀಟರಿಗೆ 0.4ರಿಂದ 0.8 ಮಿಲಿಗ್ರಾಂ ಇರುತ್ತದೆ. ಬೇರೆ ಕಾಲದಲ್ಲಿ 1 ಮಿಲಿಗ್ರಾಂ ಎಂದರೆ ಚಿಂತೆಯಿಲ್ಲವೆನಿಸಬಹುದು. ಬಸುರಿಯಲ್ಲಿ ಅದೇ ಅಂಕಿ ಮೂತ್ರಪಿಂಡದ ದೌರ್ಬಲ್ಯವನ್ನು ಸೂಚಿಸುವುದುಂಟು. ಆದುದರಿಂದ ಚೀಟಿಯನ್ನು ಪೆಟ್ಟಿಗೆಯಲ್ಲಿಡದೆ ವೈದ್ಯರಿಗೇ ತೋರಿಸಿರಿ. ಬಸಿರಿಗೆ ಮೊದಲಿನ ಅಂಕಿ ಕೈಯಲ್ಲಿದ್ದರೆ ಮುಂದಿನ ಏರಿಳಿತವನ್ನು ಅಳೆಯಲು ಅದೇ ಆಧಾರ.

ಇನ್ನು ಅಪಾಯಗಳ ವಿಚಾರ. ಬಸಿರಿನ 20 ವಾರಗಳ ನಂತರ ರಕ್ತದೊತ್ತಡ ಏರಿ, ಮೂತ್ರದಲ್ಲಿ ಸಸಾರಜನಕ ಸೋರುವ ಸ್ಥಿತಿಯನ್ನು ಬಸಿರುನಂಜು ಎನ್ನುತ್ತಾರೆ. ಮೂತ್ರಪಿಂಡದ ಬೇನೆಯುಳ್ಳವರಲ್ಲಿ ಇದು ಇತರರಿಗಿಂತ ಹಲವು ಪಟ್ಟು ಹೆಚ್ಚು. ಇದು ವಿಪರೀತಕ್ಕೆ ಹೋದರೆ ತಾಯಿಗೆ ಸೆಳವು ಬರಬಹುದು, ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಮಗುವಿಗೆ ಮಾಸುಚೀಲದಿಂದ ಸಾಕಷ್ಟು ಪೋಷಣೆ ಸಿಗದೆ ಬೆಳವಣಿಗೆ ಕುಂಠಿತವಾಗುತ್ತದೆ. 37 ವಾರ ತುಂಬುವ ಮೊದಲೇ ಹೆರಿಗೆಯಾಗುವುದು, ಮಗುವಿನ ತೂಕ ಎರಡೂವರೆ ಕಿಲೋಗ್ರಾಂಗಿಂತ ಕಡಿಮೆಯಿರುವುದು, ಶಸ್ತ್ರಕ್ರಿಯೆಯಿಂದ ಹೆರಿಗೆ ಮಾಡಿಸಬೇಕಾಗುವುದು, ಇವೂ ಹೆಚ್ಚು. ಕೆಲವೊಮ್ಮೆ ಗರ್ಭ ನಿಲ್ಲುವುದಿಲ್ಲ. ತಾಯಿಯ ಮೂತ್ರಪಿಂಡದ ಉಳಿದ ಶಕ್ತಿಯೂ ಹೆರಿಗೆಯ ನಂತರ ಮರಳಿ ಬಾರದಂತೆ ಕುಂದಬಹುದು.

ಅಪಾಯ ಎಲ್ಲರಿಗೂ ಒಂದೇ ಸಮನಾಗಿಲ್ಲ. ಬೇನೆಯನ್ನು ವೈದ್ಯರು 5 ಹಂತಗಳಾಗಿ ಎಣಿಸುತ್ತಾರೆ. ಮೊದಲೆರಡು ಹಂತಗಳಲ್ಲಿದ್ದು, ರಕ್ತದೊತ್ತಡ ಹಿಡಿತದಲ್ಲಿದ್ದು, ಸಸಾರಜನಕ ಹೆಚ್ಚು ಸೋರದಿದ್ದರೆ ಬಹುಮಂದಿ ತಾಯಂದಿರು ಸುಖವಾಗಿ ಹೆರುತ್ತಾರೆ, ಅವರ ಮೂತ್ರಪಿಂಡವೂ ಉಳಿಯುತ್ತದೆ. ಆದರೂ ಅವರಿಗೆ ಸಾಧಾರಣ ಬಸುರಿಗಿಂತ ಹೆಚ್ಚಿನ ನಿಗಾ ಬೇಕು. ಮೂರನೆಯ ಹಂತದಿಂದ ಮುಂದೆ ಅಪಾಯ ಏರುತ್ತ ಹೋಗುತ್ತದೆ. ಕ್ರಿಯಾಟಿನಿನ್ 2 ಮಿಲಿಗ್ರಾಂ ದಾಟಿದ ಮೇಲೆ ಬಸಿರಾದವರಲ್ಲಿ ಸುಮಾರು ಮೂವರಿಗೊಬ್ಬರು ಹೆರಿಗೆಯಾದ ವರ್ಷದೊಳಗೆ ಮೂತ್ರಪಿಂಡಗಳನ್ನು ಪೂರ್ತಿಯಾಗಿ ಕಳೆದುಕೊಂಡುದನ್ನು ವೈದ್ಯಕೀಯ ಅಧ್ಯಯನಗಳು ತೋರಿಸಿವೆ. ರಕ್ತದೊತ್ತಡದ ಹತೋಟಿ ತಪ್ಪಿದ್ದರಂತೂ ಯಾವ ಹಂತದಲ್ಲಿದ್ದರೂ ಅಪಾಯ ಇಮ್ಮಡಿಯೆಂದೇ ತಿಳಿಯಬೇಕು.

ಈ ಮಾತುಗಳನ್ನು ಕೇಳಿ ಎದೆಗುಂದಬೇಡಿ. ಒಂದು ಕಾಲದಲ್ಲಿ ಮೂತ್ರಪಿಂಡದ ಬೇನೆಯುಳ್ಳವರು ಬಸಿರನ್ನೇ ಬಯಸಬಾರದೆಂದು ವೈದ್ಯರು ಹೇಳಿಬಿಡುತ್ತಿದ್ದರು. ಆ ಕಾಲ ಹೋಯಿತು. ಅಮೆರಿಕದ ಎಡಿತ್ ಹೆಲ್ಮ್ ಎಂಬಾಕೆಗೆ ಎರಡೂ ಮೂತ್ರಪಿಂಡಗಳು ಕೆಟ್ಟಾಗ, ಅವಳಿ ಸೋದರಿ ತನ್ನದೊಂದನ್ನು ದಾನವಾಗಿ ಕೊಟ್ಟಳು. ಡಾಕ್ಟರ್ ಜೋಸೆಫ್ ಮರ್ರೆ ಅವರು 1956ರಲ್ಲಿ ಬಾಸ್ಟನ್ ನಗರದಲ್ಲಿ ಅದನ್ನು ಕಸಿಮಾಡಿದರು. 1958ರಲ್ಲಿ ಆಕೆ ಗಂಡು ಮಗುವನ್ನು ಹೆತ್ತರು. ಮೂತ್ರಪಿಂಡ ಕಸಿಯ ನಂತರ ತಾಯಿಯಾದವರಲ್ಲಿ ಆಕೆಯೇ ಮೊದಲಿಗರು. ಆಕೆ 2011ರವರೆಗೂ ಬಾಳಿದರು. ಅಂದಿನಿಂದ ಇಂದಿನವರೆಗೆ ಸಾವಿರಾರು ಹೆಣ್ಣುಮಕ್ಕಳು ಕಸಿಯ ಬಳಿಕ ತಾಯಂದಿರಾಗಿದ್ದಾರೆ. ಕಸಿಯಾದವರು ಕಡೆಯ ಪಕ್ಷ ಒಂದು ವರ್ಷ ಕಾಯಬೇಕು. ಮೂತ್ರಪಿಂಡ ಚೆನ್ನಾಗಿ ನಡೆಯುತ್ತಿದೆಯೆಂದು ಖಚಿತವಾಗಬೇಕು. ಗರ್ಭಕ್ಕೆ ಹಾನಿಮಾಡುವ ಮೈಕೊಫಿನೊಲೇಟ್ ಎಂಬ ಔಷಧಿಯನ್ನು ವೈದ್ಯರ ಮೂಲಕ ಕನಿಷ್ಠ 6 ವಾರ ಮೊದಲು ಬದಲಾಯಿಸಿಕೊಳ್ಳಬೇಕು.

ಡಯಾಲಿಸಿಸ್ ಯಂತ್ರದ ಮೇಲೆ ಬದುಕುತ್ತಿರುವವರ ವಿಷಯ ಹೆಚ್ಚು ಕಠಿಣವಾದುದು. ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ 4 ಗಂಟೆಯಂತೆ ರಕ್ತ ಶುದ್ಧಿ ಮಾಡುತ್ತಾರೆ. ಬಸಿರಿಗೆ ಇದು ಸಾಲದು. ಕೆನಡ ಮತ್ತು ಅಮೆರಿಕ ದೇಶಗಳಿಂದ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 20 ಗಂಟೆ ಅಥವಾ ಅದಕ್ಕೂ ಕಡಿಮೆ ಡಯಾಲಿಸಿಸ್ ಪಡೆದವರಲ್ಲಿ ಶೇಕಡ 48ರಷ್ಟು ಬಸಿರುಗಳಲ್ಲಿ ಮಾತ್ರ ಮಗು ಜೀವಂತವಾಗಿ ಹುಟ್ಟಿತು. 36 ಗಂಟೆಗೂ ಮೀರಿ ಪಡೆದವರಲ್ಲಿ ಶೇಕಡ 85ರಷ್ಟು. ಅಷ್ಟು ಗಂಟೆಗಳ ಸೌಲಭ್ಯ ಎಲ್ಲಿ ದೊರೆತೀತು, ದಿನವೂ ಅಲ್ಲಿಗೆ ಹೋಗಿಬರಲು ಸಾಧ್ಯವೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಕಸಿಗೆ ಅವಕಾಶವಿದ್ದರೆ ಅದಾಗುವವರೆಗೆ ಬಸಿರನ್ನು ಮುಂದಕ್ಕೆ ಹಾಕುವುದೇ ಲೇಸು.

ಬೇನೆಯಿದೆಯೆಂದು ತಿಳಿದ ದಂಪತಿಗಳು ಮಗು ಬೇಕೆಂದು ನಿಶ್ಚಯಿಸಿದಾಗ, ಇಬ್ಬರೂ ಜೊತೆಯಾಗಿ ವೈದ್ಯರ ಬಳಿಗೆ ಹೋಗಬೇಕು. ಹೋಗುವಾಗ ನುಂಗುತ್ತಿರುವ ಎಲ್ಲ ಗುಳಿಗೆಗಳನ್ನೂ ಒಯ್ಯಿರಿ. ರಕ್ತದೊತ್ತಡಕ್ಕಾಗಿ ಕೊಡುವ ಎನಾಲಾಪ್ರಿಲ್, ರಾಮಿಪ್ರಿಲ್, ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಮುಂತಾದವು ಮೂತ್ರಪಿಂಡವನ್ನು ಕಾಪಾಡುವ ಒಳ್ಳೆಯ ಔಷಧಿಗಳೇ. ಆದರೆ ಬಸಿರಿನಲ್ಲಿ ಅವು ಮಗುವಿನ ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಅವುಗಳ ಬದಲಿಗೆ ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್ ಡೋಪಾ ಮೊದಲಾದ ಬಸಿರಿಗೆ ಒಗ್ಗುವ ಔಷಧಿಗಳಿವೆ. ತಾವಾಗಿಯೇ ಗುಳಿಗೆ ನಿಲ್ಲಿಸುವುದೂ ಅಪಾಯ, ಕೇಳದೆ ಮುಂದುವರಿಸುವುದೂ ಅಪಾಯ. ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೊಫಿನಾಕ್, ಐಬುಪ್ರೊಫೇನ್ ಗುಳಿಗೆಗಳನ್ನೂ, ಯಾವ ಲೋಹ ಬೆರೆತಿದೆಯೋ ತಿಳಿಯದ ಭಸ್ಮಗಳನ್ನೂ ಮುಟ್ಟಲೇಬಾರದು.

ತಕ್ಕ ಕಾಲ ಬರುವವರೆಗೆ ಬಸಿರನ್ನು ತಡೆದಿಡುವುದು ಹೇಗೆ? ಹದ ನೋಡಿ ಬಿತ್ತುವವನು ಬುದ್ಧಿವಂತ ರೈತ. ಮುಟ್ಟು ಸರಿಯಾಗಿ ಆಗದಿದ್ದರೆ ಬಸಿರು ನಿಲ್ಲುವುದಿಲ್ಲವೆಂದು ನಂಬಿ ಕೂರಬೇಡಿ. ಮೂತ್ರಪಿಂಡದ ಬೇನೆಯಲ್ಲಿ ಮುಟ್ಟು ಏರುಪೇರಾಗುತ್ತದೆ, ಆದರೂ ಬಸಿರು ನಿಲ್ಲಬಹುದು. ಕಸಿಯಾದ ಕೆಲವೇ ತಿಂಗಳಲ್ಲಿ ಗರ್ಭ ಧರಿಸುವ ಶಕ್ತಿ ಮರಳುತ್ತದೆ. ನಿರೋಧ್ ಎಲ್ಲರಿಗೂ ನಿರಪಾಯವಾದುದು. ಪ್ರತಿಸಲವೂ ತಪ್ಪದೆ ಬಳಸಬೇಕು. ಕಾಪರ್-ಟಿ ಬಹುಪಾಲು ಮಹಿಳೆಯರಿಗೆ ಒಗ್ಗುತ್ತದೆ. ಬೇಡವಾದಾಗ ತೆಗೆಸಿದರೆ ಬಸಿರಿಗೆ ಅಡ್ಡಿಯಿಲ್ಲ. ಮಾಲಾ-ಎನ್ ಗುಳಿಗೆ ರಕ್ತದೊತ್ತಡವುಳ್ಳವರಿಗೂ ಹೆಚ್ಚು ಸಸಾರಜನಕ ಸೋರುವವರಿಗೂ ತಕ್ಕುದಲ್ಲ. ಛಾಯಾ ಗುಳಿಗೆಯನ್ನೂ ಅಂತರಾ ಚುಚ್ಚುಮದ್ದನ್ನೂ ಮೂತ್ರಪಿಂಡದ ಬೇನೆಯುಳ್ಳವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಕೂಡದು. ಇನ್ನು ಮಕ್ಕಳು ಬೇಡವೆಂದು ನಿಶ್ಚಯಿಸಿದವರಲ್ಲಿ ಪತಿಯೇ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಳ್ಳುವುದು ಮೇಲು. ಈಗ ಕತ್ತಿ ಸೋಕದ ವಿಧಾನವಿದೆ, ಅದು ಕೆಲವು ನಿಮಿಷಗಳ ಕೆಲಸ. ಬೇನೆ ಬಿದ್ದ ಮೈಗೆ ಮತ್ತೊಂದು ಶಸ್ತ್ರಕ್ರಿಯೆ ತಪ್ಪುತ್ತದೆ. ಚಿಕಿತ್ಸೆಯ ನಂತರ 3 ತಿಂಗಳು ಬೇರೆ ಸಾಧನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದರೆ ಸಾಕು.

ಈಗಾಗಲೇ ಬಸಿರು ನಿಂತಿದ್ದರೆ ತಡಮಾಡದೆ ಹೆಸರು ನೋಂದಾಯಿಸಿ ತಾಯಿ ಕಾರ್ಡು ಪಡೆಯಿರಿ. ಮೂತ್ರಪಿಂಡದ ಬೇನೆಯನ್ನು ಆಶಾ ಕಾರ್ಯಕರ್ತೆಗೂ ವೈದ್ಯರಿಗೂ ಮುಚ್ಚಿಡದೆ ಹೇಳಿ, ಅದನ್ನು ಕಾರ್ಡಿನಲ್ಲಿ ಬರೆಯಿಸಿರಿ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಂತೆ, ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದ ಬಸುರಿಯರಿಗೆ ಉಚಿತ ಪರೀಕ್ಷೆ ನಡೆಯುತ್ತದೆ. ಮೂತ್ರಪಿಂಡದ ಬೇನೆಯುಳ್ಳವರಿಗೆ ತಿಂಗಳಿಗೊಮ್ಮೆ ಸಾಲದು. ಎರಡು ವಾರಕ್ಕೊಮ್ಮೆ, ಕಡೆಯ ತಿಂಗಳುಗಳಲ್ಲಿ ವಾರಕ್ಕೊಮ್ಮೆ ರಕ್ತದೊತ್ತಡ, ಮೂತ್ರ ಪರೀಕ್ಷೆ ಆಗಬೇಕಾಗಬಹುದು. ಬಸಿರುನಂಜನ್ನು ತಡೆಯಲು ಅಲ್ಪ ಪ್ರಮಾಣದ ಆಸ್ಪಿರಿನ್ ಗುಳಿಗೆಯನ್ನು 12 ವಾರಗಳಿಂದ ವೈದ್ಯರು ಕೊಡುವುದುಂಟು. ಅದನ್ನು ರಕ್ತ ತೆಳುವಾಗುತ್ತದೆಂಬ ಭಯದಿಂದ ಎಸೆಯಬೇಡಿ. ಕಬ್ಬಿಣಾಂಶದ ಗುಳಿಗೆಯನ್ನೂ ಬಿಡಬೇಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಮಿತಗೊಳಿಸಿರಿ. ಆದರೆ ಊತ ಇಳಿಯಲೆಂದು ಬಸುರಿಗೆ ಬೇಳೆ, ಹಾಲು, ನೀರು ಕೊಡದೆ ಪಥ್ಯ ಹಾಕಬೇಡಿ. ಏನು ಎಷ್ಟು ಎಂಬುದನ್ನು ವೈದ್ಯರೇ ಹೇಳಲಿ.

ರಕ್ತದೊತ್ತಡ 140/90 ತಲುಪಿದರೆ ಅಂದೇ ವೈದ್ಯರನ್ನು ಕಾಣಬೇಕು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಯ ಕೆಳಗೆ ನೋವು, ಮುಖ ಊದುವುದು, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು, ಚಳಿಜ್ವರದೊಡನೆ ಸೊಂಟನೋವು, ರಕ್ತ ಕಾಣುವುದು, ಮಗುವಿನ ಚಲನೆ ತಗ್ಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆಮಾಡಿ ವಾಹನ ತರಿಸಿರಿ. ಹೆರಿಗೆ ಮನೆಯಲ್ಲಾಗಲಿ ಚಿಕ್ಕ ಕೇಂದ್ರದಲ್ಲಾಗಲಿ ಆಗಕೂಡದು. ಅವಧಿಗೆ ಮೊದಲೇ ಹುಟ್ಟಿದ ಮಗುವನ್ನು ನೋಡಿಕೊಳ್ಳುವ ಘಟಕವಿರುವ ಜಿಲ್ಲಾ ಆಸ್ಪತ್ರೆಯನ್ನೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನೋ ಮೊದಲೇ ಗೊತ್ತುಮಾಡಿಕೊಳ್ಳಿರಿ. ಹೆರಿಗೆಯಾದೊಡನೆ ಅಪಾಯ ಕಳೆಯಿತೆಂದು ಭಾವಿಸದೆ, ಬಾಣಂತನದಲ್ಲಿಯೂ ರಕ್ತದೊತ್ತಡ, ಮೂತ್ರ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿರಿ.

ಕೆಲವೊಮ್ಮೆ ಬಸಿರನ್ನು ಮುಂದುವರಿಸಿದರೆ ತಾಯಿಯ ಜೀವಕ್ಕೆ ಕುತ್ತೆಂದು ವೈದ್ಯರು ಹೇಳಬಹುದು. ಕೇಳಲು ಕಷ್ಟವಾದ ಮಾತು. ಇಂತಹ ಸಂದರ್ಭಕ್ಕಾಗಿ 1971ರ ವೈದ್ಯಕೀಯ ಗರ್ಭಪಾತ ಕಾಯಿದೆ ಇದೆ. 2021ರಲ್ಲಿ ತಿದ್ದುಪಡಿಯಾದ ಮೇಲೆ, ತಾಯಿಯ ಜೀವಕ್ಕೆ ಅಥವಾ ಆರೋಗ್ಯಕ್ಕೆ ಗಂಭೀರ ಹಾನಿಯಿದ್ದಲ್ಲಿ 20 ವಾರಗಳವರೆಗೆ ಅರ್ಹ ವೈದ್ಯರೊಬ್ಬರ ಅಭಿಪ್ರಾಯ ಸಾಕು. ಜೀವ ಉಳಿಸಲು ತಕ್ಷಣವೇ ಅಗತ್ಯವಾದರೆ ವಾರಗಳ ಮಿತಿ ಅಡ್ಡಬರುವುದಿಲ್ಲ. 18 ವರ್ಷ ತುಂಬಿದ, ಬುದ್ಧಿ ಸ್ವಸ್ಥವಾಗಿರುವ ಮಹಿಳೆಯ ಒಪ್ಪಿಗೆಯೊಂದೇ ಕಾನೂನಿಗೆ ಬೇಕಾದುದು. ಈ ಕಾರ್ಯ ಅಧಿಕೃತ ಆಸ್ಪತ್ರೆಯಲ್ಲಿ ಮಾತ್ರ ಆಗಬೇಕು, ಕಳ್ಳತನದಲ್ಲಿ ಎಂದಿಗೂ ಅಲ್ಲ.

ಕಡೆಯದಾಗಿ ಪತಿಯರಿಗೂ ಮನೆಯ ಹಿರಿಯರಿಗೂ ಒಂದು ವಿನಂತಿ. ಮದುವೆಯಾಗಿ ವರ್ಷ ಕಳೆಯುವುದರೊಳಗೆ ಸೊಸೆಯ ಮಡಿಲು ತುಂಬಲಿಲ್ಲವೆಂದು ಆಡಿಕೊಳ್ಳುವವರು ಇದ್ದಾರೆ. ಆ ಮಾತಿಗೆ ಅಂಜಿ ಎಷ್ಟೋ ಹೆಣ್ಣುಮಕ್ಕಳು ತಮ್ಮ ಬೇನೆಯನ್ನು ಬಚ್ಚಿಡುತ್ತಾರೆ, ಗುಳಿಗೆಯನ್ನು ಅಡಗಿಸಿ ನುಂಗುತ್ತಾರೆ ಅಥವಾ ನುಂಗುವುದನ್ನೇ ಬಿಡುತ್ತಾರೆ. ಬೇನೆ ಅವಳ ತಪ್ಪಲ್ಲ. ಮಗು ಒಂದು ವರ್ಷ ತಡವಾಗಿ ಬಂದರೆ ಮನೆತನಕ್ಕೆ ಕುಂದಿಲ್ಲ. ತಾಯಿ ಹೋದ ಮನೆಯಲ್ಲಿ ಮಗುವಿನ ಗತಿಯೇನೆಂಬುದನ್ನು ನೀವೇ ಯೋಚಿಸಿರಿ. ಒಂದು ಮಗುವೇ ಸಾಕೆಂದು ವೈದ್ಯರು ಹೇಳಿದರೆ, ಅದು ಹೆಣ್ಣಾಗಿರಲಿ ಗಂಡಾಗಿರಲಿ, ಅಲ್ಲಿಗೆ ನಿಲ್ಲಿಸಿರಿ. ಬಸಿರೇ ಬೇಡವೆಂದು ಹೇಳಿದರೆ, ಕಾನೂನುಬದ್ಧವಾಗಿ ದತ್ತು ಸ್ವೀಕರಿಸುವ ಮಾರ್ಗವೂ ಇದೆ.

ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡ. ತೋಳಿಗೆ ಕಟ್ಟುವ ಒಂದು ಪಟ್ಟಿ, ಒಂದು ಸೀಸೆ ಮೂತ್ರ, ಒಂದು ಸೂಜಿಯಷ್ಟು ರಕ್ತ: ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ಇದಿಷ್ಟನ್ನು ಮುಂದಿನ ವಾರವೇ ಮಾಡಿಸಿರಿ. ದಂಪತಿಗಳಿಬ್ಬರೂ ಕೂಡಿ ಹೋಗಿರಿ. ಸಂದೇಹವಿದ್ದರೆ ನಾಚಿಕೆಪಡದೆ ಕೇಳಿರಿ. ತಾಯಿಯೂ ಮಗುವೂ ಕ್ಷೇಮವಾಗಿರುವ ಮನೆ ನಿಮ್ಮದಾಗಲಿ.